ಕಡಿಯಬಹುದು, ಕುಂಕುಮ ಹಚ್ಚಬಾರದು

ಮಾನ್ಯ ಅರಣ್ಯ ಪರವಾನಗಿ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಸಮಾಮಿಶ್ ಊರಿನ ನಮ್ಮ ಮನೆಯಲ್ಲಿ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಸೋರುವ ಮೂಗನ್ನೂ ಲೆಕ್ಕಿಸದೆ ಕುಳಿತು ಬರೆಯುತ್ತಿರುವ ಶರತ್ ಎಂಬ ನಾನು ತಮಗೂ, ತಮ್ಮ ಹಸಿರು ಜೀಪಿಗೂ, ತಮ್ಮ ಪರವಾನಗಿಯ ಹಿಂಬದಿಯಲ್ಲಿ ಇರುವೆಗಳಂತೆ ಸಾಲುಗಟ್ಟಿರುವ ಹದಿನಾಲ್ಕು ನಿಯಮಗಳಿಗೂ ಪ್ರತ್ಯೇಕ ಪ್ರತ್ಯೇಕವಾಗಿ ಸಾಷ್ಟಾಂಗ ನಮಸ್ಕಾರ ಸಲ್ಲಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಶನಿವಾರದವರೆಗೆ ತಮ್ಮ ಕಾಡಿನಲ್ಲಿದ್ದ ಮರಗಳಲ್ಲಿ ಒಂದನ್ನು ಬಿಟ್ಟು ಉಳಿದವೂ ಕ್ಷೇಮವಾಗಿರಲಿ.

ತಮ್ಮ ಔದಾರ್ಯವನ್ನು ಹೊಗಳದೆ ದೂರಿಗೆ ಕೈ ಹಾಕುವುದು ಸಭ್ಯತೆಯಲ್ಲ. ನಾಲ್ಕನೇ ತರಗತಿಯಲ್ಲಿ ಓದುವ ಮಕ್ಕಳು ಸರ್ಕಾರಿ ಕಾಡಿನಿಂದ ಒಂದು ಕ್ರಿಸ್‌ಮಸ್ ಮರವನ್ನು ಸ್ವತಃ ಕಡಿದು ತರಲು ತಾವು ಉಚಿತ ಪರವಾನಗಿ ಕೊಡುತ್ತೀರಿ. ಮೂರನೇ ತರಗತಿಯವರಿಗಿಲ್ಲ, ಐದನೆಯವರಿಗಿಲ್ಲ; ಒಂಬತ್ತು ವರ್ಷದ ಕೈಗೇ ಗರಗಸ ಚೆನ್ನಾಗಿ ಕೂರುತ್ತದೆಂಬುದನ್ನು ತಾವು ಎಷ್ಟು ಮಕ್ಕಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿರೋ ನಾನರಿಯೆ. ನಮ್ಮ ಮಗಳು ಸ್ಪಂದನಾ ಈ ವರ್ಷ ನಾಲ್ಕನೇ ತರಗತಿ. ನವರಾತ್ರಿಗೆ ನಮ್ಮ ಗೊಂಬೆ ನೋಡಲು ಬಂದು ಚಕ್ಕುಲಿ ತಿಂದು ಹೋಗುವ ಅವಳ ಗೆಳತಿಯರೆಲ್ಲರ ಮನೆಯಲ್ಲೂ ಡಿಸೆಂಬರಿನಲ್ಲಿ ಮರ ನಿಲ್ಲುತ್ತದೆ, ನಮ್ಮ ಮನೆಯಲ್ಲಿ ಮಾತ್ರ ಇಲ್ಲ. 'ಮುಂದಿನ ವರ್ಷ ನೋಡೋಣ ಪುಟ್ಟಿ' ಎಂದು ಐದು ವರ್ಷ ತೇಲಿಸಿದವನು ಈ ಸಲ ಮಾತು ಕೊಟ್ಟುಬಿಟ್ಟೆ. ಪರವಾನಗಿ ಅವಳ ಹೆಸರಿನಲ್ಲೇ ಬಂದಾಗ ಅವಳು ಅದನ್ನು ಒಂದು ವಾರ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ಆ ಕಾಗದ ದಿಂಬಿನವರೆಗೆ ಬಂದದ್ದೂ ಒಂದು ಸಾಹಸವೇ. ಮೊಬೈಲಿನಲ್ಲಿ ತೋರಿಸಿದರೆ ನಡೆಯದು, ಮುದ್ರಿಸಿದ ಕಾಗದವೇ ಆಗಬೇಕು ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರಿನಲ್ಲೇ ಅನ್ನ ದುಡಿಯುವ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪುಗಳು ನಾಲ್ಕಿವೆ, ಪ್ರಿಂಟರ್ ಒಂದೂ ಇಲ್ಲ. ಟೋಟೆಮ್ ಲೇಕ್‌ವರೆಗೆ ಕಾರು ಓಡಿಸಿಕೊಂಡು ಹೋಗಿ, ಅಂಗಡಿಯೊಂದರ ಸಾಲಿನಲ್ಲಿ ನಿಂತು ಅದನ್ನು ಮುದ್ರಿಸಿಕೊಂಡು ಬಂದೆ. ಒಂದು ಮರ ಕಡಿಯಲು ಇನ್ನೊಂದು ಮರದಿಂದ ಮಾಡಿದ ಕಾಗದವೇ ಒಪ್ಪಿಗೆ ಕೊಡಬೇಕೆಂಬ ತಮ್ಮ ಇಲಾಖೆಯ ಸೂಕ್ಷ್ಮ ನ್ಯಾಯ ನನಗೆ ಹೊಳೆದದ್ದು ಆ ಸಾಲಿನಲ್ಲೇ.

ಹದಿನಾಲ್ಕು ನಿಯಮಗಳನ್ನೂ ನಾನು ಬಾಯಿಪಾಠ ಮಾಡಿದ್ದೆ. ಮರ ಹನ್ನೆರಡು ಅಡಿ ಮೀರಬಾರದು, ರಸ್ತೆಯಿಂದ ನೂರೈವತ್ತು ಅಡಿಯಾದರೂ ದೂರವಿರಬೇಕು, ತೊರೆಯ ಪಕ್ಕದ್ದಾಗಿರಬಾರದು, ಉಳಿಯುವ ಬೊಡ್ಡೆ ಆರು ಇಂಚಿಗಿಂತ ಎತ್ತರವಿರಬಾರದು, ಪರವಾನಗಿಯ ಚೀಟಿ ಒಮ್ಮೆ ಮರಕ್ಕೆ ಕಟ್ಟಿದರೆ ಬಿಚ್ಚಿ ಬೇರೆ ಮರಕ್ಕೆ ಕಟ್ಟುವಂತಿಲ್ಲ. ಆದರೆ ತಮ್ಮದಕ್ಕಿಂತ ಹಳೆಯದಾದ ಇನ್ನೊಂದು ಅರಣ್ಯ ಇಲಾಖೆ ಶನಿವಾರ ಕಾಡಿಗೆ ಹೊರಟ ನಮ್ಮ ಕಾರಿನ ಹಿಂದಿನ ಸೀಟಿನಲ್ಲೇ, ಸೀರೆಯ ಮೇಲೆ ನನ್ನ ಹೆಂಡತಿ ಅನುಷಾಳ ಜಾಕೆಟ್ ತೊಟ್ಟುಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದೆಯೆಂಬುದು ನನಗೂ ತಿಳಿಯದೆ ಹೋಯಿತು. ಅವರು ನಮ್ಮ ಅತ್ತೆ ಸಿದ್ದಮ್ಮನವರು. ನಂಜನಗೂಡು ಕಡೆಯವರು, ವಯಸ್ಸು ಎಪ್ಪತ್ತೊಂದು, ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದವರು.

ಎರಡು ಗಂಟೆ ಹಿಮ ತುಳಿದು ಸ್ಪಂದನಾ ತನ್ನ ಮರವನ್ನು ಹುಡುಕಿದಳು. ಅವಳಿಗಿಂತ ಎರಡು ಗೇಣು ಎತ್ತರದ, ಒಂದು ಕಡೆ ಸ್ವಲ್ಪ ಬೋಳಾದ ಫರ್ ಮರ. ತಾನೇ ಕೈಗವಸು ಬಿಚ್ಚಿ ಚೀಟಿ ಕಟ್ಟಿದಳು. ನಾನು ಗರಗಸ ತೆಗೆಯುವಷ್ಟರಲ್ಲಿ ಅತ್ತೆ ಚೀಲದಿಂದ ಅರಿಶಿನ ಕುಂಕುಮದ ಭರಣಿ ತೆಗೆದು, ಕಾಂಡದ ಹಿಮ ಒರೆಸಿ, ಮೂರು ಬೊಟ್ಟಿಟ್ಟು, ಅರಿಶಿನದ ದಾರ ಸುತ್ತಿ, ಕೈ ಮುಗಿದು 'ಮಗು ಆಸೆ ಪಟ್ಟದೆ ಕಣವ್ವ, ನಮ್ಮನೆಗೆ ಬತ್ತೀಯಾ?' ಎಂದು ಮರವನ್ನೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, 'ಇವತ್ತು ಕೇಳಾಯ್ತು ಅಳಿಯಂದ್ರೇ. ಒಂದು ರಾತ್ರಿ ಬುಡ್ಬೇಕು. ಅದ್ರಲ್ಲಿರೋ ಹಕ್ಕಿಪಕ್ಷಿ ಎದ್ದೋಗ್ಬೇಕು, ಅದೂ ಮನ್ಸು ಮಾಡ್ಕಬೇಕು. ನಾಳೆ ಬೆಳಿಗ್ಗೆ ಬಂದು ಕಡಿಯೋದು' ಎಂದು ತೀರ್ಪು ಕೊಟ್ಟರು.

ಸರಿಯಾಗಿ ಆ ಮುಹೂರ್ತಕ್ಕೆ ತಮ್ಮ ಅಧಿಕಾರಿಯವರು ಅವತರಿಸಿದರು. ಅವರ ನಯವಿನಯಕ್ಕೆ ನಾನು ಇಲ್ಲಿ ಎರಡು ಪುಟ ಮೀಸಲಿಡಬೇಕಿತ್ತು, ಕಾಗದ ಸಾಲದು. ಅವರು ಕಾಂಡವನ್ನು ನೋಡಿ, ಬಹಳ ಮೃದುವಾಗಿ, ಸರ್ಕಾರಿ ಕಾಡಿನಲ್ಲಿ ನಿಂತಿರುವ ಮರಕ್ಕೆ ಬಣ್ಣ ಹಚ್ಚುವುದು, ದಾರ ಸುತ್ತುವುದು ಮರವನ್ನು ವಿರೂಪಗೊಳಿಸುವ ಅಪರಾಧವೆಂದು ತಿಳಿಸಿದರು. ಈ ಮರವನ್ನು ಬುಡಕ್ಕೇ ಕಡಿಯಲು ತಮ್ಮ ಇಲಾಖೆಯೇ ಕಾಗದ ಕೊಟ್ಟಿದೆಯಲ್ಲ ಎಂದೆ. ಹೌದು, ಕಡಿಯಬಹುದು, ಹಚ್ಚಬಾರದು ಎಂದರು. ಕೊಲ್ಲಲು ಅಡ್ಡಿಯಿಲ್ಲ, ಅದರ ಮರ್ಯಾದೆಗೆ ಮಾತ್ರ ಭಂಗ ಬರಬಾರದು ಎಂಬ ಇಂಥ ಉದಾತ್ತ ಕಾನೂನನ್ನು ಬರೆದವರ ಕೈಗೆ ಚಿನ್ನದ ಬಳೆ ತೊಡಿಸಬೇಕು ಮಾನ್ಯರೇ. ನಾಳೆ ಬಂದು ಕಡಿಯುತ್ತೇವೆಂದು ಅತ್ತೆಯ ಪರವಾಗಿ ವಿನಂತಿಸಿದೆ. ಹಿಮಗಾಳಿ ಬರುತ್ತಿದೆ, ಸಂಜೆಯಿಂದಲೇ ಗೇಟು ಮುಚ್ಚುತ್ತದೆ, ಇನ್ನು ಜನವರಿಗೇ ತೆರೆಯುವುದು ಎಂದರು. ಚೀಟಿ ಕಟ್ಟಿದ ಮರವನ್ನು ನಿಲ್ಲಿಸಿ ಹೋಗುವಂತೆಯೂ ಇಲ್ಲವಂತೆ. ಕಡಿಯದಿದ್ದರೆ ಚೀಟಿ ಬಿಚ್ಚಿ ಪರವಾನಗಿ ಒಪ್ಪಿಸಿಬಿಡಬೇಕಂತೆ.

ಹೀಗೆ ಎರಡು ಇಲಾಖೆಗಳು ಎದುರು ಬದುರಾಗಿ ನಿಂತವು. ಒಂದಕ್ಕೆ ಇವತ್ತೇ ಆಗಬೇಕು, ಇನ್ನೊಂದಕ್ಕೆ ಇವತ್ತು ಆಗಕೂಡದು. ನಡುವೆ ನಾನು ಗರಗಸ ಹಿಡಿದುಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದ ಮಾಡುತ್ತ, ಎರಡೂ ಕಡೆಯವರಿಂದ ಬೈಸಿಕೊಳ್ಳದಂತೆ ಅರ್ಧರ್ಧ ನುಂಗುತ್ತ ನಿಂತಿದ್ದೆ. ಅನುಷಾ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟಕ್ಕೆ ಅನುವಾದ ಬೇಕಿರಲಿಲ್ಲ.

ಯಾರಿಗೂ ಕಾಯದೆ ಸ್ಪಂದನಾ ಮುಂದೆ ಹೋಗಿ ಚೀಟಿಯ ಗಂಟು ಬಿಚ್ಚತೊಡಗಿದಳು. ಬೆರಳು ಕೆಂಪಾಗಿದ್ದವು, ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. 'ಇಟ್ಸ್ ಓಕೆ ಅಜ್ಜಿ, ವಿ ಕ್ಯಾನ್ ಲೀವ್ ಇಟ್' ಎಂದಳು. ಅಳಲಿಲ್ಲ. ಅತ್ತರೆ ಸಮಾಧಾನ ಮಾಡಬಹುದಿತ್ತು. ಐದು ವರ್ಷ ಕಾದು, ವಾರವಿಡೀ ದಿಂಬಿನ ಕೆಳಗೆ ಇಟ್ಟುಕೊಂಡದ್ದನ್ನು ಮಗು ಸುಮ್ಮನೆ ಬಿಟ್ಟುಕೊಡುವುದನ್ನು ನೋಡುತ್ತ ನಿಂತಾಗ, ಮಾನ್ಯರೇ, ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆಗ ಅತ್ತೆ ಬಂದು ನನ್ನ ಕೈಯಿಂದ ಗರಗಸ ಕಿತ್ತುಕೊಂಡರು. 'ಕೊಡಿ ಇಲ್ಲಿ. ಕೇಳ್ಬುಟ್ಟು, ಅದು ಹೂಂ ಅನ್ನಗಂಟ ಕಾಯದೆ ಕಡುದ್ರೆ, ಕಡುದ್ ಕೈಗೇ ಪಾಪ. ಅದು ನನ್ ಕೈಗೇ ಬರ್ಲಿ, ನಂದಿನ್ನೆಷ್ಟು ದಿನ. ಈ ಕೂಸಿನ್ ಕೈಗೆ ಬ್ಯಾಡ' ಎಂದರು. ಹಸಿ ಮರ ಕಡಿಯುವುದಿರಲಿ, ಹೊತ್ತು ಮುಳುಗಿದ ಮೇಲೆ ತುಳಸಿ ಎಲೆಯನ್ನೂ ಕೀಳದ ಹೆಂಗಸು ಹಿಮದಲ್ಲಿ ಮಂಡಿಯೂರಿ ಕುಳಿತು, ಏದುಸಿರು ಬಿಡುತ್ತ, ಗರಗಸದ ಒಂದೊಂದು ಎಳೆತಕ್ಕೂ 'ತಪ್ಪಾಯ್ತು ಕಣವ್ವ' ಎನ್ನುತ್ತ ಆ ಮರವನ್ನು ತಾವೊಬ್ಬರೇ ಕಡಿದರು. ನಾನು ಕೈ ಚಾಚಿದರೆ ಮೊಣಕೈಯಲ್ಲಿ ತಳ್ಳಿದರು. ಮರ ಮಲಗಿದ ಮೇಲೆ ತಮ್ಮ ಅಧಿಕಾರಿಯವರು ಬಗ್ಗಿ ಅಳತೆಯ ಪಟ್ಟಿಯಿಂದ ಬೊಡ್ಡೆಯ ಎತ್ತರ ನೋಡಿ, ಐದೂವರೆ ಇಂಚು, ಉತ್ತಮ ಕೆಲಸ ಎಂದು ಶ್ಲಾಘಿಸಿದರು. ಅತ್ತೆಗೆ ಅದನ್ನು ನಾನು ಅನುವಾದಿಸಲಿಲ್ಲ.

ಈಗ ಮರ ನಮ್ಮ ನಡುಮನೆಯಲ್ಲಿ, ನೀರು ತುಂಬಿದ ಬಟ್ಟಲಿನಲ್ಲಿ ನಿಂತಿದೆ. ಸ್ಪಂದನಾ ದೀಪದ ಸರ ಸುತ್ತಿದ್ದಾಳೆ, ಗೆಳತಿಯರು ಬಂದು ನೋಡಿಹೋಗಿದ್ದಾರೆ. ತಮ್ಮ ಇಲಾಖೆಯಿಂದ ಬಂದ ಮಿಂಚಂಚೆ ಜನವರಿಯ ಮೊದಲ ವಾರದೊಳಗೆ 'ಒಣಗಿದ ಮರವನ್ನು' ತುಂಡರಿಸಿ ಗೊಬ್ಬರಕ್ಕೆ ಹಾಕಿ, ಮನೆಮಂದಿಗೆಲ್ಲ ತಿಳಿಸಿ ಎಂದು ಸೂಚಿಸುತ್ತದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಕುಡಿಯುವುದಕ್ಕೂ ಮುಂಚೆ ಆ ಬಟ್ಟಲಿಗೆ ಒಂದು ಚೊಂಬು ನೀರು ಹಾಕುತ್ತಾರೆ. ನಿನ್ನೆ ಸ್ಪಂದನಾ, 'ಬಟ್ ಅಜ್ಜಿ, ಇಟ್ಸ್ ಆಲ್ರೆಡಿ ಡೆಡ್' ಎಂದಳು. ಅಷ್ಟು ಇಂಗ್ಲಿಷ್ ಅತ್ತೆಗೆ ಅರ್ಥವಾಗುತ್ತದೆ. ಗಾಬರಿಯಿಂದ ಮೊಮ್ಮಗಳ ಬಾಯಿಗೆ ಕೈ ಅಡ್ಡ ಹಿಡಿದು, 'ಮೆಲ್ಲಗ್ ಮಾತಾಡು. ಅದ್ಕಿನ್ನೂ ಗೊತ್ತಿಲ್ಲ' ಎಂದರು.

ಆದ್ದರಿಂದ ಮಾನ್ಯರೇ, ಜನವರಿ ಹನ್ನೆರಡಕ್ಕೆ ನಮ್ಮ ಅತ್ತೆ ವಿಮಾನ ಹತ್ತುವವರೆಗೆ ಈ ಮರ ಬದುಕಿದೆಯೆಂದು ತಮ್ಮ ಕಡತದಲ್ಲಿ ಬರೆದುಕೊಳ್ಳಬೇಕೆಂದೂ, ಆ ವಿಷಯದಲ್ಲಿ ನಮ್ಮ ಮನೆಗೆ ಮತ್ತೆ ಯಾವ ಸೂಚನೆಯನ್ನೂ ಕಳುಹಿಸಬಾರದೆಂದೂ ಬೇಡಿಕೊಳ್ಳುತ್ತೇನೆ.

ನಡುಮನೆಯಲ್ಲಿ ಪಿಸುಮಾತಿನಲ್ಲೇ ಕಾಲ ಹಾಕುತ್ತಿರುವ,
ತಮ್ಮ ವಿಶ್ವಾಸಿ,
ಶರತ್
ಸಮಾಮಿಶ್

ವಿ.ಸೂ.: ಈ ಅನುಭವವನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ ಎಂದು ತಮ್ಮ ಸಮೀಕ್ಷೆ ಕೇಳಿದೆ. ಆಗಲೇ ಮಾಡಿದ್ದೇನೆ. ಕೆನ್ಮೋರ್‌ನ ಗೆಳೆಯ ನಾಣಿಯವರು ಬರುವ ವರ್ಷ ತಾಯಿ ಗೌರಾದೇವಿಯವರೊಂದಿಗೆ ತಮ್ಮ ಕಾಡಿಗೆ ಬರಲಿದ್ದಾರೆ. ಆ ತಾಯಿ ಕುಂಕುಮಕ್ಕೆ ನಿಲ್ಲಿಸುವವರಲ್ಲ, ಈಡುಗಾಯಿ ಒಡೆಯುವವರು. ತಮ್ಮ ಅಧಿಕಾರಿಯವರು ದಯವಿಟ್ಟು ಸ್ವಲ್ಪ ದೂರದಲ್ಲಿ ನಿಂತೇ ನಿಯಮ ಓದಲಿ.