ತಾನೇ ಏರಿ ತಾನೇ ಇಳಿಯುವ ಫೇಡರು

ಬಳಗದ ಯಾವ ಫೋಟೋದಲ್ಲೂ ಮುನಿರಾಜು ಇರಲಿಲ್ಲ. ತಕರಾರು ಶುರುವಾದದ್ದೇ ಅಲ್ಲಿಂದ.

ಕಡಲಾಚೆಯ ಬೆರ್ರಿಯೆಸಾ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ವರ್ಷವೂ ಒಂದು ಸಮೂಹಗೀತೆ, ಹಾಡುತ್ತಿರುವಾಗಲೇ ಒಂದು ಗ್ರೂಪ್ ಫೋಟೋ. ಆ ಹೊತ್ತಿಗೆ ಮುನಿರಾಜು ಹಾಲಿನ ಹಿಂಭಾಗದಲ್ಲಿ ಸೌಂಡ್ ಬೋರ್ಡಿನ ಮುಂದೆ ಕೂತು, ಒಬ್ಬರ ಮೈಕು ಏರಿಸುತ್ತ ಇನ್ನೊಬ್ಬರದು ಇಳಿಸುತ್ತ ಇರುತ್ತಿದ್ದ. ಫೋಟೋದಲ್ಲಿ ಇಂದು ಎಂಬ ಅವನ ಹೆಂಡತಿ ಒಬ್ಬಳೇ ನಿಂತಿರುತ್ತಿದ್ದಳು. ಆ ಫೋಟೋಗಳು ಮೈಸೂರಿನಲ್ಲಿರುವ ಇಂದುವಿನ ದೊಡ್ಡಮ್ಮ ಲಿಂಗಮ್ಮನ ಕೈ ಸೇರುತ್ತಿದ್ದವು. ಇಂದು ಗಂಡನನ್ನು ಬಿಟ್ಟಿದ್ದಾಳೆ ಎಂಬ ಸುದ್ದಿ ಈಗ ಅರ್ಧ ನೆಂಟರಿಗೆ ಖಾತ್ರಿಯಾಗಿತ್ತು. ವಿಡಿಯೋ ಕಾಲಿನಲ್ಲಿ ಮುಖ ತೋರಿಸೋಣವೆಂದರೆ ದೊಡ್ಡಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು. ಇವರಿಗೆ ಅವಳ ಓಲೆ ಕಾಣುತ್ತಿತ್ತು, ಅವಳಿಗೆ ಏನೂ ಕಾಣುತ್ತಿರಲಿಲ್ಲ.

"ಈ ಸಲ ನೀವು ಫೋಟೋದಲ್ಲಿ ಇರ್ಲೇಬೇಕು," ಎಂದಳು ಇಂದು. "ಇಲ್ದಿದ್ರೆ ಆ ಬೋರ್ಡನ್ನೇ ತಬ್ಕೊಂಡು ಗರಾಜಲ್ಲಿ ಮಲಗಿ. ದೊಡ್ಡಮ್ಮ ಹೇಳಿದ್ದು ನಿಜಾನೇ ಆಗೋಗ್ಲಿ."

ಮುನಿರಾಜು ಹೆದರಿದ. ಹೆದರಿದಾಗ ಅವನ ತಲೆ ಚೆನ್ನಾಗಿ ಓಡುತ್ತಿತ್ತು. ಹಾಡುವವರನ್ನೆಲ್ಲ ಒಬ್ಬೊಬ್ಬರಾಗಿ ಗರಾಜಿಗೆ ಕರೆಸಿ ಮೊದಲೇ ರೆಕಾರ್ಡ್ ಮಾಡಿಕೊಂಡ. ವೇದಿಕೆಯ ಮೇಲೆ ಬಾಯಿ ಆಡಿಸಿದರೆ ಸಾಕು. ಇನ್ನು ಏರಿಸುವ, ಇಳಿಸುವ ಕೆಲಸಕ್ಕೆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಆಟೊಮೇಶನ್ ಇತ್ತು. ಹಾಡು ಓಡುತ್ತಿರುವಾಗ ಫೇಡರನ್ನು, ಅಂದರೆ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು, ಒಮ್ಮೆ ಕೈಯಿಂದ ಸರಿಸಿದರೆ ಸಾಫ್ಟ್‌ವೇರು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಯಾರೂ ಮುಟ್ಟದೆ ಅದೇ ಜಾಗದಲ್ಲಿ ಅಷ್ಟೇ ಏರಿಸುತ್ತದೆ, ಅಷ್ಟೇ ಇಳಿಸುತ್ತದೆ. ಮುನಿರಾಜುವಿನ ಬೋರ್ಡಿನಲ್ಲಿ ಫೇಡರುಗಳಿಗೆ ಪುಟ್ಟ ಮೋಟಾರುಗಳೂ ಇದ್ದುದರಿಂದ ಈ ಏರಿಳಿತ ಕಣ್ಣಿಗೂ ಕಾಣುತ್ತಿತ್ತು. ಪ್ರತಿ ಫೇಡರಿನ ಕೆಳಗೂ ಟೇಪು ಅಂಟಿಸಿ ಹಾಡುವವರ ಹೆಸರು ಬರೆದಿದ್ದ. ಅದೊಂದನ್ನು ಮಾಡಬಾರದಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಪಕ್ಕದ ಬೀದಿಯ ಸೋಮಲಿಂಗಪ್ಪ ತಾಯಿ ದ್ಯಾಮವ್ವನನ್ನು ಕರೆದುಕೊಂಡು ಬಂದ. ಹುಬ್ಬಳ್ಳಿಯವನು. ಬಳಗದ ಊಟದ ಉಸ್ತುವಾರಿ ಅವನದು. ಅವನು ಮುನಿಸಿಕೊಂಡರೆ ಬಳಗಕ್ಕೆಲ್ಲ ಉಪವಾಸ. ದನಿ ಮಾತ್ರ ತಗಡಿನ ಡಬ್ಬದಲ್ಲಿ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ. ಆ ದನಿ ಬರುವ ಕಡೆಯೆಲ್ಲ ಮುನಿರಾಜು ಫೇಡರನ್ನು ಪಾತಾಳಕ್ಕೆ ಇಳಿಸಿಟ್ಟಿದ್ದ.

"ಒಂದ್ಸಲ ಹಚ್ಚಪಾ ಮುನಿರಾಜು. ನಮ್ಮವ್ವ ಕೇಳಬೇಕಂತಾಳ."

ಹಾಡು ಶುರುವಾಯಿತು. ಫೇಡರುಗಳು ಸರಸರನೆ ಓಡಾಡಿದವು. ದ್ಯಾಮವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯ ಶಿವನ! ತಾನ ಏರತೈತಿ, ತಾನ ಇಳೀತೈತಿ! ಯಾರ ಅದಾರೋ ಇದರಾಗ?"

"ಯಾರೂ ಇಲ್ಲ ಅಮ್ಮ. ಅದು ಆಟೊಮೇಶನ್ನು."

"ಅಂವ ಯಾರ?"

ಸೋಮಲಿಂಗಪ್ಪನ ಕಣ್ಣು ತನ್ನ ಹೆಸರಿನ ಮೇಲೇ ಇತ್ತು. "ಎಲ್ಲಾರದೂ ಮ್ಯಾಲೆ ಹೊಂಟಾವು, ನಂದಷ್ಟ ಯಾಕ ಕೆಳಗ ಹೊಂಟೈತಿ?"

"ನಿಮ್ಮದು ಸ್ಟ್ರಾಂಗ್ ವಾಯ್ಸು ಸೋಮಣ್ಣ. ಫುಲ್ ಬಿಟ್ರೆ ಸ್ಪೀಕರ್ ತಡ್ಯಲ್ಲ."

"ಅದು ಖರೇ," ಎಂದು ಸೋಮಲಿಂಗಪ್ಪ ಒಪ್ಪಿಕೊಂಡ. "ಆದರ ನೋಡೋರಿಗೆ ಹೆಂಗ ಕಾಣತೈತಿ? ಅಧ್ಯಕ್ಷ ಆನಂದತೀರ್ಥಂದು ಎದಿಮಟ, ನಂದು ಮೊಳಕಾಲಮಟ!" ಎನ್ನುತ್ತ ಹೆಬ್ಬೆರಳಿನಿಂದ ತನ್ನ ಫೇಡರನ್ನು ತುದಿಯವರೆಗೆ ತಳ್ಳಿದ. ಸಾಫ್ಟ್‌ವೇರು ನಿಷ್ಠೆಯಿಂದ ನೆನಪಿಟ್ಟುಕೊಂಡಿತು.

ಒಳಗಿರುವವನು ಯಾರೇ ಆಗಲಿ, ಮರ್ಯಾದೆ ಕೊಡಬೇಕೆಂದು ದ್ಯಾಮವ್ವ ಮುಡಿಯಲ್ಲಿದ್ದ ಸೇವಂತಿಗೆ ತೆಗೆದು ಬೋರ್ಡಿನ ಮೇಲಿಟ್ಟು ಕೈ ಮುಗಿದಳು. ಒಂದು ಎಸಳು ಇಂದುವಿನ ಫೇಡರಿನ ಸೀಳಿನೊಳಗೆ ಬಿತ್ತು. ಮೋಟಾರು ಬಾಟಲಿಯಲ್ಲಿ ಸಿಕ್ಕಿಕೊಂಡ ನೊಣದಂತೆ ಗುಂಯ್‌ಗುಟ್ಟತೊಡಗಿತು. ಮುನಿರಾಜು ಹುಬ್ಬು ಕೀಳುವ ಚಿಮುಟ ತರಲು ಒಳಗೆ ಓಡಿದ.

ಬರುವಷ್ಟರಲ್ಲಿ ಬಳಗದ ಅಧ್ಯಕ್ಷ ಆನಂದತೀರ್ಥರು ಗರಾಜಿನಲ್ಲಿದ್ದರು.

"ಏನ್ರೀ ಮುನಿರಾಜು, ಪ್ರೆಸಿಡೆಂಟ್ ಲೆವೆಲ್ಲು ಇಷ್ಟೇನಾ? ಊಟದವರದ್ದು ನನಗಿಂತ ಮೇಲಿದೆ!"

"ಊಟದಾಂವ ಅಂದರ ಏನರೀ?" ಎಂದ ಸೋಮಲಿಂಗಪ್ಪ. "ಹೋದ ವರ್ಷ ಮೂರು ಸಲ ಬಿಸಿಬೇಳೆಬಾತ್ ಬಡಿಸಿಕೊಂಡಾವರು ಯಾರು?"

ಇಬ್ಬರೂ ತಂತಮ್ಮ ಫೇಡರು ತಳ್ಳಿದರು. ತಮ್ಮದು ಇನ್ನು ಮೇಲೆ ಹೋಗದೆಂದು ಗೊತ್ತಾದಾಗ ಎದುರಿನವರದ್ದನ್ನು ಕೆಳಗೆ ಎಳೆದರು. ಮತ್ತೆ ಹಾಡು ಹಾಕಿದರೆ, ಮೂರು ಬಸ್ಸುಗಳ ಕಂಡಕ್ಟರುಗಳು ಒಟ್ಟಿಗೆ ಊರುಗಳ ಹೆಸರು ಕೂಗಿದಂತಿತ್ತು. ಹಿಂದಿನದಕ್ಕೆ ಮರಳಿಸೋಣವೆಂದು ಮುನಿರಾಜು ಲ್ಯಾಪ್‌ಟಾಪಿಗೆ ಕೈ ಹಾಕಿದ. ಆನಂದತೀರ್ಥರು ಬೆನ್ನು ತಟ್ಟಿದರು.

"ಈಗ ನೀವು ಬಗ್ಗಿ ಆ ಎಸಳು ಕೀಳ್ತಿದ್ದಾಗ ನಾನೇ ಸೇವ್ ಮಾಡಿ ಒಂದ್ಸಲ ಕ್ಲೋಸ್ ಮಾಡಿ ಓಪನ್ ಮಾಡಿದೀನಿ. ಎಲ್ಲಾ ಸೇಫು. ಟೆನ್ಶನ್ ಮಾಡ್ಕೋಬೇಡಿ."

ವಾರವಿಡೀ ಆಫೀಸಿನಿಂದ ಬಂದು ಕೂತು ಮಾಡಿದ ಕೆಲಸ ಹೋಯಿತು. ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತು. ಹೀಗೇ ಬಿಟ್ಟರೆ ಸಂಜೆ ತಾನೇ ಬೋರ್ಡಿನ ಮುಂದೆ ಕೂತು ಕೈಯಾಡಿಸಬೇಕು. ಕೂತರೆ ಫೋಟೋ ಇಲ್ಲ. ಫೋಟೋ ಇಲ್ಲವೆಂದರೆ ಗರಾಜು.

ಎಲ್ಲರನ್ನೂ ಸಾಗಹಾಕಿ ಮುನಿರಾಜು ಬಾಗಿಲು ಮುಚ್ಚಿಕೊಂಡ. ತುಸು ಹೊತ್ತು ಹಣೆ ಉಜ್ಜಿಕೊಂಡ ಮೇಲೆ ಒಂದು ಸತ್ಯ ಹೊಳೆಯಿತು. ಇವರು ಯಾರಿಗೂ ಕೇಳುವುದು ಬೇಕಾಗಿಲ್ಲ, ನೋಡುವುದು ಬೇಕು. ಪ್ರತಿ ದನಿಗೂ ಒಂದೊಂದು ನಕಲು ಮಾಡಿದ. ನಕಲಿನ ಸದ್ದು ಎಲ್ಲಿಗೂ ಹೋಗದಂತೆ ಮಾಡಿ, ಬೋರ್ಡಿನ ಫೇಡರುಗಳನ್ನು ನಕಲಿಗೆ ಜೋಡಿಸಿದ. ಅಸಲಿ ದನಿಗಳ ಏರಿಳಿತವನ್ನು ಸ್ಕ್ರೀನಿನ ಮೇಲೆ ಮೌಸಿನಿಂದ ಗೆರೆ ಎಳೆದೆಳೆದು, ಯಾರಿಗೂ ಕಾಣದಂತೆ ಹೊಸದಾಗಿ ಬರೆದ. ಕಣ್ಣಿಗೊಂದು, ಕಿವಿಗೊಂದು.

ಮಧ್ಯಾಹ್ನ ಎಲ್ಲರೂ ಮರಳಿ ಬಂದಾಗ ಫೇಡರುಗಳೆಲ್ಲ ಪಂಕ್ತಿಯಲ್ಲಿ ತುಪ್ಪಕ್ಕೆ ಚಾಚಿದ ಕೈಗಳಂತೆ ಒಂದೇ ಸಮ ಮೇಲಿದ್ದವು. ಸೋಮಲಿಂಗಪ್ಪ ಕಣ್ಣು ಮುಚ್ಚಿ, ಅಲ್ಲಿ ಇಲ್ಲವೇ ಇಲ್ಲದ ತನ್ನ ದನಿಗೆ ತಲೆದೂಗಿದ.

"ಈಗ ನೋಡು, ಹೆಂಗ ಛಂದ ಕೇಳಸತೈತಿ!"

"ನನ್ನದೂ ಓಪನ್ ಆಗಿದೆ," ಎಂದರು ಆನಂದತೀರ್ಥರು.

"ಹಾಗಾದ್ರೆ ಇದನ್ನ ಒಂದೇ ಫೈಲ್ ಮಾಡಿ ಫೋನಿಗೆ ಹಾಕ್ಕೊಂಡ್ಬಿಡ್ತೀನಿ," ಎಂದ ಮುನಿರಾಜು.

"ಏ, ಬೋರ್ಡ್ ಬರಬೇಕು!" ಸೋಮಲಿಂಗಪ್ಪ ಅಡ್ಡ ಬಂದ. "ಓಕ್ಲ್ಯಾಂಡಿಂದ ನಮ್ಮ ಮಂದಿ ಬರಾಕತ್ತಾರ. ನಂದು ಏರೋದನ್ನ ಅವರೂ ನೋಡಲಿ."

ಸ್ಯಾನ್ ಮಟಿಯೋದ ಹಾಲಿಗೆ ಬೋರ್ಡು ಹೋಯಿತು. ಫ್ರೀವೇ ಉದ್ದಕ್ಕೂ ಇಂದು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಖ ಮಾತ್ರ ಸವತಿಯನ್ನು ಕೂರಿಸಿಕೊಂಡವಳದಾಗಿತ್ತು.

ಸಮೂಹಗೀತೆಯ ಸರದಿ ಬಂತು. ಪಂಚೆ, ಶಲ್ಯ, ಜರಿ ಪೇಟ ತೊಟ್ಟ ಮುನಿರಾಜು ಪ್ಲೇ ಒತ್ತಿ, ಓಡಿ ಹೋಗಿ ವೇದಿಕೆ ಹತ್ತಿ ಇಂದುವಿನ ಪಕ್ಕ ನಿಂತ. ದೂರದಲ್ಲಿ ಫೇಡರುಗಳು ಗಂಭೀರವಾಗಿ ಎದ್ದವು. ಓಕ್ಲ್ಯಾಂಡಿನ ಮಂದಿ ಚಪ್ಪಾಳೆ ತಟ್ಟಿದರು. ಹಾಡು ಮಾತ್ರ ಬರಲಿಲ್ಲ. ವೇದಿಕೆಯ ಮೇಲೆ ಸಾಲಾಗಿ ನಿಂತವರು ಅಕ್ವೇರಿಯಮ್ಮಿನ ಮೀನುಗಳಂತೆ ಬಾಯಿ ತೆರೆದು ಮುಚ್ಚುತ್ತಿದ್ದರು.

ಹಾಲಿನ ಸ್ಪೀಕರಿಗೆ ಜೋಡಿಸುವ ಅವಸರದಲ್ಲಿ ಮುನಿರಾಜು ನಕಲಿನ ಜೊತೆಗೆ ಅಸಲಿಯನ್ನೂ ಎಲ್ಲಿಗೂ ಹೋಗದಂತೆ ಮಾಡಿಬಿಟ್ಟಿದ್ದ.

ಪಂಚೆ ಎತ್ತಿಕಟ್ಟಿ ವೇದಿಕೆಯಿಂದ ಹಾರಿದ. ಸರಿಪಡಿಸಿದ. ಮೊದಲಿನಿಂದ ಪ್ಲೇ ಒತ್ತಿದ. ಮತ್ತೆ ಓಡಿದ. ಈ ಸಲ ಹಾಡು ಬಂತು, ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದು, ಯಾರ ಕೈಯ ಹಂಗೂ ಇಲ್ಲದೆ. ಪೇಟ ಹುಬ್ಬಿನ ತನಕ ಜಾರಿತ್ತು, ಏದುಸಿರು ಹತ್ತಿತ್ತು. ಆದರೂ ಮುನಿರಾಜು ಹೆಂಡತಿಯ ಕೈ ಹಿಡಿದು ಹಲ್ಲು ಬಿಟ್ಟ. ಫ್ಲ್ಯಾಶು ಬೆಳಗಿತು.

ಊಟಕ್ಕೆ ಕೂರುವ ಮೊದಲೇ ಇಂದು ಫೋಟೋವನ್ನು ಮೈಸೂರಿಗೆ ಕಳಿಸಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಮುನಿರಾಜು ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಲಿಂಗಮ್ಮ. ಇಂದುವಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಅಳಿಯಂದ್ರೇ, ಒಂದ್ನಿಮಿಷ ಕೂತ್ಕೊಳಿ."

"ಕೂತಿದೀನಿ ದೊಡ್ಡಮ್ಮ. ಫೋಟೋ ನೋಡಿದ್ರಾ?"

"ನೋಡ್ದೆ. ನೀವೂ ನೋಡ್ಬಿಟ್ರಾ?" ದನಿಯಲ್ಲಿ ಮರುಕವಿತ್ತು. "ಮನಸ್ಸಿಗೆ ಹಚ್ಕೋಬೇಡಿ. ನೋಡೋಕೆ ಒಳ್ಳೆಯೋರ ಥರಾನೇ ಅವ್ರೆ."

"ದೊಡ್ಡಮ್ಮ, ಅದು ನಾನೇ!"

"ಸುಮ್ನಿರಿ, ಮದ್ವೇಲಿ ನಿಮ್ಮನ್ನ ನಾನು ನೋಡಿಲ್ವಾ? ಹುರಿ ಮೀಸೆ, ಕಡ್ಡಿಯಂಥ ಮೈ. ಇವ್ರಿಗೆ ಮೀಸೇನೂ ಇಲ್ಲ, ಹೊಟ್ಟೆ ಬೇರೆ ಮುಂದಕ್ಕೆ ಬಂದೈತೆ. ರೂಪದಲ್ಲಿ ನಿಮ್ಮ ಕಾಲ್ದೂಳಿಗೂ ಸಮ ಇಲ್ಲ. ಆದ್ರೆ ಕೈ ಹಿಡ್ಕೊಂಡು ಪಕ್ಕದಲ್ಲಿ ನಿಂತವ್ರೆ. ನೀವು ಒಂದು ದಿನವಾದ್ರೂ ನಿಂತಿದ್ರಾ?"

ಇಂದು ಬಗ್ಗಿ ಕೂಗಿದಳು. "ದೊಡ್ಡಮ್ಮ, ಇವ್ರೇ ಅವ್ರು!"

"ಅಯ್ಯೋ, ನೀನೂ ಅಲ್ಲೇ ಇದೀಯಾ? ಮೂರು ಜನಾನೂ ಒಟ್ಟಿಗೇ ಊಟಕ್ಕೆ ಕೂತಿದೀರಾ? ಆಗ್ಲಿ ಬಿಡು, ಜಗಳ ಇಲ್ವಲ್ಲ. ಅವ್ರ ಹೆಸರೇನವ್ವ?"

ಇಂದು ಗಂಡನ ಮುಖ ನೋಡಿದಳು. ಗಂಡ ತಟ್ಟೆ ನೋಡುತ್ತಿದ್ದ.

"ಮುನಿರಾಜು," ಎಂದ ಅವನೇ.

ಮೈಸೂರಿನಲ್ಲಿ ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋದ ಸದ್ದಾಯಿತು.

"ಹೆಸರೂ ಅದೇನಾ?" ಎಂದಳು ಲಿಂಗಮ್ಮ, ನಿರಾಳವಾಗಿ. "ಒಳ್ಳೇದೇ ಆಯ್ತು ಬಿಡಿ. ನೆಂಟರಿಗೆ ಹೊಸದಾಗಿ ಏನೂ ಹೇಳ್ಬೇಕಾಗಿಲ್ಲ."