ಶೀನಣ್ಣನ ಗಿಟಾರಿಗೆ ನಾನು ಮಾಡಿಸಿದ ರಿಪೇರಿ

ಸಡಿಲವಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಚಟವೋ ರೋಗವೋ ಗೊತ್ತಿಲ್ಲ. ಚೆಂಬೂರಿನ ರಿಫೈನರಿಯಲ್ಲಿ ಮೂವತ್ತು ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದವನು ನಾನು. ಅಲ್ಲಿ ಒಂದು ನಟ್ಟು ಸಡಿಲವಾಯಿತೆಂದರೆ ಊರಿಗೇ ಗಂಡಾಂತರ. ನಿವೃತ್ತನಾದ ಮೇಲೂ ಕುಕ್ಕರಿನ ಹಿಡಿ, ಕಿಟಕಿಯ ಚಿಲಕ, ಲಿಫ್ಟಿನ ಕನ್ನಡಿ, ಕಡೆಗೆ ನೆಂಟರ ಮನೆಯ ಕುರ್ಚಿ ಕೂಡ ಬಿಗಿ ಮಾಡುತ್ತಲೇ ಬಂದೆ. ನಾನು ಮುಚ್ಚಿಟ್ಟ ಉಪ್ಪಿನಕಾಯಿ ಬಾಟಲಿ ತೆರೆಯಲು ವಾಚ್‌ಮನ್‌ನನ್ನು ಕರೆಸಬೇಕಾದ ದಿನ ಹೆಂಡತಿ, "ನಿಮ್ಮ ಕೈಗೆ ಒಂದು ಕೀಲಿ ಹಾಕಬೇಕು ನೋಡ್ರಿ. ಯಾರರೆ ಕೇಳಿದ್ರೇನು ನಿಮಗ?" ಎಂದಿದ್ದಳು. ಆಗಲೇ ಕಿವಿಗೊಟ್ಟಿದ್ದರೆ ಇವತ್ತು ಈ ಸಂಕಟ ಇರುತ್ತಿರಲಿಲ್ಲ.

ಪಕ್ಕದ ಫ್ಲ್ಯಾಟಿನ ಶೀನಣ್ಣ ಉಡುಪಿ ಕಡೆಯವರು. ಹಡಗುಗಳಲ್ಲಿ ಅಡುಗೆ ಮಾಡಿಕೊಂಡು ಅರ್ಧ ಪ್ರಪಂಚ ಸುತ್ತಿ, ಈಗ ಮಗಳ ಮನೆಯಲ್ಲಿದ್ದಾರೆ. ಸಂಜೆ ಚಹಾ ಆದ ಮೇಲೆ ಬಾಲ್ಕನಿಯಲ್ಲಿ ಕೂತು ಹಳೆಯ ಗಿಟಾರೊಂದನ್ನು ನುಡಿಸುತ್ತಿದ್ದರು. ಹಡಗಿನಲ್ಲಿ ಜೊತೆಗಿದ್ದ ಹವಾಯಿ ದ್ವೀಪದ ಗೆಳೆಯನೊಬ್ಬ ಕಲಿಸಿದ್ದಂತೆ. ತಂತಿಗಳೋ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲು. ಪಾಪ, ವಯಸ್ಸಾಯಿತು, ಬಿಗಿ ಮಾಡಲು ಕೈಯಲ್ಲಿ ಬಲವಿಲ್ಲ ಎಂದು ನಾನು ಮರುಗುತ್ತಿದ್ದೆ. ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಮಗಳನ್ನು ಒಪ್ಪಿಸಿ, ಗಿಟಾರನ್ನು ಗುಟ್ಟಾಗಿ ಘಾಟ್ಕೋಪರಿನ ವಾದ್ಯಗಳ ಅಂಗಡಿಗೆ ಹೊತ್ತೊಯ್ದೆ. ಆರೂ ತಂತಿ ಹೊಸದು, ಆರೂ ಟೈಟು! ಕೇಕ್ ಕತ್ತರಿಸಿದ ಮೇಲೆ ಅದನ್ನು ಶೀನಣ್ಣನ ಕೈಗಿತ್ತೆ. ಅವರು ಒಮ್ಮೆ ಮೀಟಿದರು, ನನ್ನ ಮುಖ ನೋಡಿದರು. "ಚಂದ ಆಯ್ತು ಮಾರಾಯ್ರೆ, ಉಪಕಾರ ಆಯ್ತು" ಎಂದು ಗೋಡೆಗೆ ಒರಗಿಸಿಟ್ಟರು. ನಾನು ಹೆಮ್ಮೆಯಿಂದ ಎರಡು ತುಂಡು ಕೇಕ್ ತಿಂದೆ. ಆಮೇಲೆ ಆ ಬಾಲ್ಕನಿಯಿಂದ ಗಿಟಾರಿನ ಸದ್ದು ಬರಲೇ ಇಲ್ಲ. ಬೇಸರ ಬಂದಿರಬೇಕು ಎಂದು ನಾನೇ ತೀರ್ಮಾನಿಸಿದೆ.

ಹೋದ ವಾರ ಒಂದು ಮಧ್ಯಾಹ್ನ ಫೋನಿನಲ್ಲಿ ಮಂಡಿನೋವಿನ ವ್ಯಾಯಾಮ ನೋಡುತ್ತಿದ್ದೆ. ಅದು ಮುಗಿದು ತಾನಾಗಿಯೇ ಬೇರೊಂದು ವಿಡಿಯೊ ಶುರುವಾಯಿತು. ಹೂವಿನ ಅಂಗಿಯ ದಪ್ಪ ಅಜ್ಜನೊಬ್ಬ, ಹೆಬ್ಬೆರಳಿನಲ್ಲಿ ತಾಳ, ಉಳಿದ ಬೆರಳಲ್ಲಿ ಹಾಡು. ಒಬ್ಬನೇ ಕೂತು ಇಬ್ಬರಂತೆ ನುಡಿಸುತ್ತಿದ್ದ. ಅರೆ, ಇದು ಶೀನಣ್ಣನ ಸದ್ದಲ್ಲವೇ! ವ್ಯಾಯಾಮ ಬಿಟ್ಟು ಒಬ್ಬರಾದ ಮೇಲೆ ಒಬ್ಬರಂತೆ ಹವಾಯಿಯ ಕಲಾವಿದರನ್ನು ಕೇಳಿದೆ. ಅದರ ಹೆಸರು 'ಸ್ಲ್ಯಾಕ್ ಕೀ' ಅಂತೆ. ತಂತಿ ಸಡಿಲಿಸುವುದೇ ಅಲ್ಲಿನ ವಿದ್ಯೆ. ಒಂದೊಂದು ಮನೆತನಕ್ಕೂ ಒಂದೊಂದು ಶ್ರುತಿ, ಅದನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲವಂತೆ.

ಓಡಿ ಹೋಗಿ ತಪ್ಪಾಯಿತೆಂದೆ. "ಅಂದೇ ಯಾಕೆ ಬೈಯಲಿಲ್ಲ ಶೀನಣ್ಣ?"

"ಅಷ್ಟು ಪ್ರೀತಿಯಲ್ಲಿ ಮಾಡಿಸಿದ್ದೀರಿ, ಹೇಗೆ ಹೇಳುವುದು? ಅದು ನನ್ನ ಹಡಗಿನ ಗೆಳೆಯನ ಮನೆಯ ಶ್ರುತಿ, ಅವನೇ ಕೂಡಿಸಿ ಕೊಟ್ಟದ್ದು. ಒಂದು ತಂತಿ ತುಂಡಾದ್ರೆ ಉಳಿದ ಐದನ್ನು ಕೇಳಿ ಸರಿ ಮಾಡ್ತಿದ್ದೆ. ನೀವು ಆರನ್ನೂ ಒಟ್ಟಿಗೆ ತೆಗೆಸಿದ್ರಲ್ಲ, ಇನ್ನು ಯಾರನ್ನು ಕೇಳುವುದು? ಅವನೂ ಈಗ ಇಲ್ಲ."

ಫೋನಿನ ಕಲಾವಿದರನ್ನೆಲ್ಲ ಕೇಳಿಸಿದೆ. "ಇದು ಚಂದ ಉಂಟು, ಆದ್ರೆ ಅವನದ್ದಲ್ಲ" ಎಂದು ತಲೆಯಾಡಿಸಿದರು. ನನಗೆ ಅಳುವೇ ಬಂತು. ಆಗ ನೆನಪಾಯಿತು: ಗಿಟಾರಿನ ಕಾಯಿಲೆ ಏನೆಂದು ಅಂಗಡಿಯವನಿಗೆ ತೋರಿಸಲು, ಶೀನಣ್ಣ ನುಡಿಸುವಾಗ ನಮ್ಮ ಬಾಲ್ಕನಿಯಿಂದ ಕದ್ದು ತೆಗೆದ ಒಂದು ನಿಮಿಷದ ವಿಡಿಯೊ ನನ್ನ ಫೋನಿನಲ್ಲೇ ಇತ್ತು. ಆ ಶ್ರುತಿ ಲೋಕದಲ್ಲಿ ಉಳಿದಿದ್ದರೆ ಅದರಲ್ಲಿ ಮಾತ್ರ.

ಶೀನಣ್ಣ ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದರು. ಸಂಗೀತ ಬಂತು. ಅದರ ಮೇಲೆ, ತಂತಿಗಳೆಲ್ಲ ಸಡಿಲ, ಬರೀ ಅಪಸ್ವರ ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ದೂರುವ ನನ್ನ ದನಿಯೂ ಬಂತು: "ದೇಖೋ ಭಾಯ್, ಸಬ್ ತಾರ್ ಢೀಲಾ ಹೈ, ಏಕ್‌ದಮ್ ಬೇಸುರಾ..." ಅಲ್ಲಿಗೆ ನಿಲ್ಲದೆ ರಿಫೈನರಿಯ ಅನುಭವವನ್ನೂ ಹೇಳಿಕೊಂಡಿದ್ದೆ.

ಮೂರು ದಿನ ಮತ್ತೆ ಮತ್ತೆ ಕೇಳಿ, ನಾಲ್ಕು ತಂತಿಗಳ ಶ್ರುತಿ ಹಿಡಿದಿದ್ದಾರೆ. ಉಳಿದೆರಡು ತಂತಿ ನುಡಿಯುವ ಕಡೆಯೆಲ್ಲ ನನ್ನ ಭಾಷಣ. ನಿನ್ನೆ ಶೀನಣ್ಣ ಫೋನು ಕೆಳಗಿಟ್ಟು, "ಈ ಮನುಷ್ಯ ಒಂದು ಕ್ಷಣ ಬಾಯಿ ಮುಚ್ಚಿದ್ದಿದ್ರೆ ಸಾಕಿತ್ತು ಮಾರಾಯ್ರೆ" ಎಂದರು. ಅದು ಯಾರ ದನಿಯೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.