ಕ್ವಿನೈನ್ ನುಂಗಿದ ಬೀಗರು

ನಿಜಾಮರ ಕಾಲಕ್ಕೆ ನಮ್ಮ ಗಂಗಾವತಿ ಓಣಿಯಲ್ಲಿ ರೋಗದಿಂದ ಹಾಸಿಗೆ ಹಿಡಿದವರಿಗಿಂತ ಔಷಧದಿಂದ ಹಿಡಿದವರೇ ಜಾಸ್ತಿ. ಪಕ್ಕದ ಮನೆಯ ಭತ್ತದ ಸಾಹುಕಾರರದನ್ನಷ್ಟೇ ಹೇಳುತ್ತೇನೆ. ಉಪ್ಪು ಖಾರ ನನ್ನದು, ಜ್ವರ ಅವರದು.

ಬಾಟಲಿ

ಸಾಹುಕಾರರಿಗೆ ಚಳಿಜ್ವರ ಬಂತು. ಅದೂ ಅವರ ಮಗಳನ್ನು ನೋಡಲು ಕುಷ್ಟಗಿಯವರು ಬರುವ ವಾರವೇ. ಹಿಂದೆ ನೋಡಲು ಬಂದ ಯಲಬುರ್ಗಾದವರು ಈ ಊರ ನೀರು ಸಪ್ಪೆ ಎಂದದ್ದಕ್ಕೆ ಸಾಹುಕಾರರು ಜಗಳ ತೆಗೆದು ಆ ಸಂಬಂಧ ಕೆಡಿಸಿದ್ದರು, ಕುಕನೂರಿನದನ್ನು ಕಾರಣವಿಲ್ಲದೆಯೇ. ಇದೂ ತಪ್ಪಿದರೆ ಮಗಳ ಗತಿಯೇನೆಂದು ಹೆಂಡತಿಗೆ ನಿದ್ದೆಯಿಲ್ಲ.

ಡಾಕ್ಟರು ಮಿಕ್ಸ್ಚರ್ ಕೊಟ್ಟು, ಬಾಟಲಿಗೆ ಅಂಟಿಸಿದ ಕಾಗದದ ಗೆರೆ ನೋಡಿ ಹೊತ್ತಿಗಿಷ್ಟು ಕುಡಿಯಿರಿ ಎಂದರು. ಸಾಹುಕಾರರು ದವಾಖಾನೆಯ ಮೆಟ್ಟಿಲ ಮೇಲೆಯೇ ಎಲ್ಲ ಗಟಗಟ ಕುಡಿದು, "ಜ್ವರ ಗೆರಿ ನೋಡಿ ಬಂದಿತ್ತೇನು?" ಎಂದರು. ಮರುಗಳಿಗೆ ಅದೇ ಮೆಟ್ಟಿಲ ಮೇಲೆ ವಾಂತಿ. ಅದೂ ಗೆರೆ ನೋಡಿ ಬರಲಿಲ್ಲ.

ಗಂಟೆ

ನಮ್ಮ ಓಣಿಯವರು ಉಳಿದ ಸಾರು ಚೆಲ್ಲಿಯಾರು, ಉಳಿದ ಔಷಧ ಚೆಲ್ಲರು. ಉಪ್ಪಿನಕಾಯಿಯ ಹಾಗೆ ಮನೆಮನೆಗೆ ಹಂಚುತ್ತಾರೆ. ಮಿಕ್ಸ್ಚರ್ ಬದಲು ಡಾಕ್ಟರು ಕೊಟ್ಟ ಚಳಿಜ್ವರದ ಕ್ವಿನೈನ್ ಗುಳಿಗೆಯ ಜೊತೆ ನೆರೆಯವರು ತಂದುಕೊಟ್ಟವನ್ನೂ ಸಾಹುಕಾರರು ನುಂಗಿದರು. ಬೀಗರು ಬರುವ ದಿನ ಬೆಳಗ್ಗೆ, ಯಾರೋ ಗಂಟೆ ಬಾರಿಸುತ್ತಿದ್ದಾರೆ, ನಿಲ್ಲಿಸಿ ಎಂದು ಕೂಗಾಡಿದರು. ಗಂಟೆ ಇದ್ದದ್ದು ಅವರ ಕಿವಿಯೊಳಗೆ. ಬೇರೇನೂ ಕೇಳಿಸುತ್ತಿರಲಿಲ್ಲ. ಹೆಂಡತಿ ಎದುರು ನಿಂತು ಅತ್ತಳು, ಬೈದಳು. ಮದುವೆಯಾದಾಗಿನಿಂದ ಆಕೆ ಶುರು ಮಾಡಿದ ಮಾತು ಮುಗಿಸಿದ್ದು ಅಂದೇ.

ಮೊಣಕಾಲು

ಸಾಹುಕಾರರು ನನ್ನನ್ನು ಕರೆಸಿ, "ತಮ್ಮಾ, ಕಿವುಡ ಅಂತ ಗೊತ್ತಾದ್ರ ಸಂಬಂಧ ತಪ್ಪತೈತಿ. ಹೂಂ ಅನ್ನಬೇಕಾದಾಗ ನನ್ನ ಮೊಣಕಾಲು ಒತ್ತು" ಎಂದರು. ಊರೆಲ್ಲ ಬಿಟ್ಟು ನನ್ನಂಥವನ ಕೈಗೆ ಮೊಣಕಾಲು ಕೊಟ್ಟರು.

ಹುಡುಗನ ಸೋದರಮಾವ ಕೂತವನೇ, "ನಿಮ್ಮ ಅಕ್ಕಿಯಾಗ ಏನೈತ್ರಿ, ನಮ್ಮ ಕುಷ್ಟಗಿ ಜ್ವಾಳದ ಮುಂದ?" ಎಂದ. ಒತ್ತಿದೆ. ಸಾಹುಕಾರರು ಹೂಂ ಎಂದರು. ಮದುವೆ ಕುಷ್ಟಗಿಯಲ್ಲೇ ಆಗಲಿ ಎಂದ. ಒತ್ತಿದೆ. ನಿಮಗೆ ಭಾಳ ಸಿಟ್ಟಂತೆ ಎಂದ. ಅದಕ್ಕೂ ಒತ್ತಿದೆ. ಇಷ್ಟು ಶಾಂತ ಮನುಷ್ಯನನ್ನು ಕಂಡಿಲ್ಲವೆಂದು ಕುಷ್ಟಗಿಯವರು ಎಲೆ ಅಡಿಕೆ ಬದಲಿಸಿ ಎದ್ದರು.

ಡಾಕ್ಟರು ಬಂದು ಎಲ್ಲರನ್ನೂ ಝಾಡಿಸಿದರು: ಇನ್ನೊಂದಿಷ್ಟು ನುಂಗಿದ್ದರೆ ಕಿವಿ ಕಾಯಂ ಹೋಗುತ್ತಿತ್ತು, ಜೀವವೂ ಹೋಗಬಹುದಿತ್ತು. ಉಳಿದ ಗುಳಿಗೆಯನ್ನೆಲ್ಲ ಕಸಿದುಕೊಂಡು ಹೋದರು.

ವಾರದಲ್ಲಿ ಸಾಹುಕಾರರು ನೆಟ್ಟಗಾದರು. ಮದುವೆ ಕುಷ್ಟಗಿಯಲ್ಲಿ ಎಂದು ಕೇಳಿದ ಕೂಡಲೇ ಬೀಗರ ಮೇಲೆ ಜಗಳಕ್ಕೆ ಹೋಗಲು ರುಮಾಲು ಸುತ್ತತೊಡಗಿದರು. ಹೆಂಡತಿ ದವಾಖಾನೆಗೆ ಓಡಿ ಮತ್ತೆ ಕ್ವಿನೈನ್ ಕೇಳಿದಳು. ಡಾಕ್ಟರು, "ಜ್ವರ ಹೋಗೇತಲ್ಲ, ತಾಯಿ?" ಎಂದರು.

"ಜ್ವರ ಹೋಗೇತ್ರಿ ಸಾಹೇಬ್ರ. ಕಿವಿ ಬಂದಾವ. ಮದುವಿ ಇನ್ನೂ ಆಗಬೇಕು."